ಅಂಟಿಸದ ಸಮನ್ಸ್

2025ರ ಮಾರ್ಚ್ 3, ಸೋಮವಾರ. ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಮಾಳಗೊಂಡಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಅದೇ ಊರಿನ ಸಿವಿಲ್ ನ್ಯಾಯಾಲಯದ ಶಿರಸ್ತೇದಾರರಾದ ಶಾಂತಾದೇವಿ. ಕೋರ್ಟಿನ ಕಚೇರಿಯನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ. ದಿನವೂ ಪೊಲೀಸರೇ ಕಾಗದ ಹಿಡಿದು ಅವರ ಮೇಜಿನ ಮುಂದೆ ನಿಲ್ಲುವುದು ವಾಡಿಕೆ; ಅವರು ಠಾಣೆಗೆ ಬಂದದ್ದು ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಇದೇ ಮೊದಲು. ಹೆಡ್ ಕಾನ್‌ಸ್ಟೆಬಲ್ ಯರ್ರಿಸ್ವಾಮಿ ತಾವು ಕೂತಿದ್ದ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಮುಂದಕ್ಕೆ ಸರಿಸಿದರು. ಶಾಂತಾದೇವಿ ಕೂರಲಿಲ್ಲ.

ಪಿಎಸ್‌ಐ ಸಂಘಮಿತ್ರಾ ಲಕೋಟೆ ಒಡೆದರು. ಒಳಗಿದ್ದದ್ದು ನ್ಯಾಯಾಧೀಶರ ಸಹಿಯ ದೂರು. ತುಪ್ಪದಕಟ್ಟೆ ಎಂಬ ಹಳ್ಳಿಯ ಹೆಸರು ಕಣ್ಣಿಗೆ ಬಿದ್ದ ಕೂಡಲೇ ಆ ಸಾಲನ್ನು ಇನ್ನೊಮ್ಮೆ ಓದಿದರು. ಪೂರ್ತಿ ಓದುವ ತನಕ ತಲೆ ಎತ್ತಲಿಲ್ಲ.

ದೂರಿನ ಸಾರ ಇಷ್ಟು. ತುಪ್ಪದಕಟ್ಟೆಯ ಹೊನ್ನೂರಮ್ಮ, ವಯಸ್ಸು ಅರವತ್ತಾರು, ಗಂಡ ಉಚ್ಚಂಗೆಪ್ಪ ತೀರಿಕೊಂಡಿದ್ದಾರೆ. ಅವರಿದ್ದ ಮನೆಯ ಜಾಗ ತನ್ನ ತಂದೆಯದೆಂದು ಉಚ್ಚಂಗೆಪ್ಪನವರ ಅಣ್ಣನ ಮಗ ಕೆಂಚೇಶ್ ದಾವೆ ಹೂಡಿದ್ದ. ಕೋರ್ಟಿನಿಂದ ಹೊನ್ನೂರಮ್ಮನವರಿಗೆ ಸಮನ್ಸ್ ಹೋಯಿತು. ಮನೆಗೆ ಬೀಗ ಇದ್ದುದರಿಂದ 11-3-2024ರ ಮಧ್ಯಾಹ್ನ 12.30ಕ್ಕೆ ಅದನ್ನು ಬಾಗಿಲಿಗೆ ಅಂಟಿಸಿ ಬಂದೆನೆಂದು, ಸಮನ್ಸ್ ಮುಟ್ಟಿಸುವ ಕೋರ್ಟಿನ ಅಮೀನ ನಾಗರಾಜಪ್ಪ ಷರಾ ಬರೆದು ಕೊಟ್ಟರು. ಸಮನ್ಸ್ ಮುಟ್ಟಿಯೂ ಬರಲಿಲ್ಲವೆಂದು ಹೊನ್ನೂರಮ್ಮನವರ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿ ಆಯಿತು. ಫೆಬ್ರವರಿ 6ರಂದು ಅವರನ್ನು ಹೊರಗೆ ಕಳಿಸಿ ಮನೆಗೆ ಬೀಗ ಹಾಕಲಾಯಿತು. ಈಗ ಅವರು ವಕೀಲರನ್ನು ಹಿಡಿದು, ಡಿಕ್ರಿ ರದ್ದು ಮಾಡಬೇಕೆಂದು ಅರ್ಜಿ ಹಾಕಿದ್ದಾರೆ. ಮನೆ ತೋರಿಸಿದ ಸಾಕ್ಷಿ ಎಂದು ಷರಾದ ಕೆಳಗೆ ಸಹಿ ಇರುವುದು ಅದೇ ಊರಿನ ದಾಸಪ್ಪನದು. ದಾಸಪ್ಪ ಸತ್ತದ್ದು 19-7-2023ರಂದು. ಸತ್ತು ಸುಮಾರು ಎಂಟು ತಿಂಗಳಾದ ಮೇಲೆ ಆತ ಸಹಿ ಹಾಕಿದ್ದು ಹೇಗೆ ಎಂಬುದು ನ್ಯಾಯಾಧೀಶರ ಪ್ರಶ್ನೆ.

ಅರ್ಜಿಯ ವಿಚಾರಣೆ ಶುಕ್ರವಾರ, 7ನೇ ತಾರೀಖು. ಸೋಮವಾರ 10ಕ್ಕೆ ಕೆಂಚೇಶ್ ಜೆಸಿಬಿ ಗೊತ್ತು ಮಾಡಿದ್ದಾನೆ, ಮನೆ ಕೆಡವಿ ಅಂಗಡಿ ಕಟ್ಟಿಸುತ್ತಾನಂತೆ ಎಂದು ಶಾಂತಾದೇವಿ ತಿಳಿಸಿದರು.

"ನಾಗರಾಜಪ್ಪ ಮೂವತ್ತೊಂದು ವರ್ಷ ಸಮನ್ಸ್ ಹಂಚಿದ ಮನುಷ್ಯ. ಒಬ್ಬರ ಕೈಯಿಂದ ಒಂದು ಟೀ ಕುಡಿದವರಲ್ಲ," ಎಂದರು. ಷರಾದ ನಕಲಿನ ಮೇಲೆ ಬೆರಳಿಟ್ಟು, "ಆ ಷರಾದ ಮೇಲೆ ಪರಿಶೀಲಿಸಿದೆ ಅಂತ ನನ್ನ ಸಹಿನೂ ಐತೆ ಮೇಡಂ. ಅದನ್ನೂ ಬರಕೊಳ್ರಿ."

ಹನ್ನೆರಡೂ ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕೃತ್ಯ ನಡೆದದ್ದು ಹೊಸ ಕಾಯ್ದೆ ಬರುವುದಕ್ಕೆ ಮುಂಚೆ. ಹಾಗಾಗಿ ಹಳೆಯ ಐಪಿಸಿಯ 167 ಮತ್ತು 466ನೇ ಕಲಮುಗಳು. ಸುಳ್ಳು ದಾಖಲೆ ಬರೆದ ಸರ್ಕಾರಿ ನೌಕರ, ಕೋರ್ಟಿನ ಕಡತದ ನಕಲಿ.

ತುಪ್ಪದಕಟ್ಟೆಗೆ ಜೀಪು ಹೊರಟಾಗ ಯರ್ರಿಸ್ವಾಮಿ ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದರು. ಸಂಘಮಿತ್ರಾ ಅವರ ಮನಸ್ಸು ಫೆಬ್ರವರಿ 6ರಲ್ಲಿತ್ತು. ಅಂದು ಬಂದೋಬಸ್ತಿಗೆ ಹೋದವರು ಅವರೇ. ಅಮೀನ ಬೇರೆ ಯಾರೋ. ನಾಗರಾಜಪ್ಪ ಅಂದು ರಜೆಯಲ್ಲಿದ್ದರಂತೆ. ಪಾತ್ರೆ, ಹಾಸಿಗೆ, ಒಂದು ಟ್ರಂಕು ಹೊರಗೆ ಬಂದಿದ್ದವು. ಹೊನ್ನೂರಮ್ಮ ಇವರ ಹತ್ತಿರ ಬಂದು, "ನನಗೆ ಯಾವ ಕಾಗದನೂ ಬಂದಿಲ್ಲ ಕಣವ್ವ," ಎಂದು ಮೆಲ್ಲಗೆ ಹೇಳಿದ್ದರು. "ಅದನ್ನ ಕೋರ್ಟ್‌ನಾಗೆ ಹೇಳಬೇಕಿತ್ತು ಅಮ್ಮ," ಎಂದು ಇವರು ಉತ್ತರ ಕೊಟ್ಟಿದ್ದರು. ಕಾಗದವೇ ಬಾರದವರು ಕೋರ್ಟಿಗೆ ಹೋಗುವುದು ಹೇಗೆಂದು ಆಗ ಹೊಳೆದಿರಲಿಲ್ಲ. ಠಾಣೆಗೆ ವಾಪಸು ಬಂದು, ಸ್ವಾಧೀನ ಕಾರ್ಯ ಶಾಂತಿಯುತವಾಗಿ ಮುಗಿಯಿತೆಂದು ವರದಿ ಬರೆದಿದ್ದರು.

ಹೊನ್ನೂರಮ್ಮ ನೆರೆಯ ಗಾದ್ರಮ್ಮನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಂದು ತಿಂಗಳಿಂದ ಇರುವ ಮನೆಯಲ್ಲಿ ಸುಮ್ಮನೆ ಉಣ್ಣಬಾರದೆಂದು ದಿನಕ್ಕೊಂದು ಕೆಲಸ ಹುಡುಕಿಕೊಳ್ಳುತ್ತಾರೆ ಎಂದು ಗಾದ್ರಮ್ಮ ದೂರಿದಳು. ಹೊನ್ನೂರಮ್ಮ ಎದ್ದು ನಿಂತಾಗ ಮೊದಲು ಸಂಘಮಿತ್ರಾ ಅವರ ಭುಜದ ನಕ್ಷತ್ರಗಳನ್ನು ನೋಡಿದರು, ಆಮೇಲೆ ಮುಖವನ್ನು.

"ಇನ್ನೇನು ತಗೊಂಡು ಹೋಗಾಕೆ ಬಂದೀರಿ?" ಎಂದರು. ಸಿಟ್ಟಿನ ದನಿಯಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ಸಂಘಮಿತ್ರಾ ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕೂತು, ಬಂದ ವಿಷಯ ಹೇಳಿದರು. ಆಮೇಲೆ ಇಬ್ಬರು ಪಂಚರನ್ನು ಕರೆದು ಬೀಗ ಹಾಕಿದ್ದ ಮನೆಯ ಮುಂದೆ ಪಂಚನಾಮೆ ಶುರು ಮಾಡಿದರು. ಸಮಯ 2.40. ಸರ್ಕಾರದ ಯೋಜನೆಯಲ್ಲಿ ಕಟ್ಟಿದ ಆರ್‌ಸಿಸಿ ಮನೆ. ಪೂರ್ವಕ್ಕೆ ಕಬ್ಬಿಣದ ಬಾಗಿಲು. ಅಂಗಳದಲ್ಲಿ ನಲ್ಲಿ, ಬಟ್ಟೆ ಒಗೆಯುವ ಕಲ್ಲು. ಬರೆಸುತ್ತಾ ಹೋದವರು ಒಮ್ಮೆಲೇ ನಿಂತರು. ಕೈಯಲ್ಲಿದ್ದ ಷರಾದ ನಕಲನ್ನು ಮತ್ತೆ ಬಿಚ್ಚಿದರು. ನಾಗರಾಜಪ್ಪನವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ಹೆಂಚಿನ ಮನೆ, ಉತ್ತರಕ್ಕೆ ಮರದ ಬಾಗಿಲು, ಬಾಗಿಲ ಎದುರು ಬೇವಿನ ಮರ.

"ಅಮ್ಮ, ಇಲ್ಲಿ ಬೇವಿನ ಮರ ಇತ್ತೇನು?"

"ಇತ್ತು. ಎರಡು ಸಾವಿರದ ಒಂಬತ್ತರಾಗೆ ಈ ಮನೆ ಕಟ್ಟುವಾಗ ಕಡಿಸಿದ್ವಿ."

"ಹೆಂಚಿನ ಮನೆ?"

"ಅದೂ ಇತ್ತು. ನಮ್ಮತ್ತೆ ಕಾಲದ್ದು. ಬಾಗಿಲು ಆ ಕಡೀಗಿತ್ತು." ಹೊನ್ನೂರಮ್ಮ ಉತ್ತರಕ್ಕೆ ಕೈ ತೋರಿಸಿದರು.

ಯರ್ರಿಸ್ವಾಮಿ ಷರಾದ ನಕಲನ್ನು ಇಣುಕಿ ನೋಡಿದರು. ಸುಳ್ಳು ಬರೆಯುವವನು ಕಾಣದ ಮನೆಯನ್ನು ಬಾಯಿಗೆ ಬಂದಂತೆ ಬರೆಯುತ್ತಾನೆ. ಇಲ್ಲಿ ಹಾಗಾಗಿಲ್ಲ. ಹದಿನಾರು ವರ್ಷದ ಹಿಂದೆ ಇಲ್ಲದಂತಾದ ಮನೆಯನ್ನು ಇಂಚು ತಪ್ಪದೆ ಬರೆದಿದೆ. ಬರೆದವರು ಒಂದು ಕಾಲದಲ್ಲಿ ಈ ಅಂಗಳದಲ್ಲಿ ನಿಂತಿದ್ದವರು.

ಕೋರ್ಟಿನ ಅಮೀನರು ಯಾರಾದರೂ ಹಿಂದೆ ಇಲ್ಲಿಗೆ ಬಂದದ್ದುಂಟೇ ಎಂದು ಕೇಳಿದಾಗ ಪಂಚರಿಬ್ಬರೂ ನಕ್ಕರು. ದಲಿತರ ಕೇರಿಯೊಳಗೆ ಅಮೀನರು ಕಾಲಿಟ್ಟದ್ದನ್ನು ತಾವು ಕಂಡೇ ಇಲ್ಲ ಎಂದರು. ಬಸ್ ನಿಲ್ಲುವಲ್ಲಿ ದಾಸಪ್ಪನ ಚಹದಂಗಡಿ ಇತ್ತು. ಅಮೀನರು ಅಲ್ಲಿ ಬೆಂಚಿನ ಮೇಲೆ ಕೂತು ಹೇಳಿ ಕಳಿಸುತ್ತಿದ್ದರು. ಯಾರ ಹೆಸರಿಗೆ ಕಾಗದ ಬಂದಿದೆಯೋ ಅವರೇ ಹೋಗಿ, ನಿಂತು, ಹೆಬ್ಬೆಟ್ಟು ಒತ್ತಿ ಬರಬೇಕು. ಸಾಕ್ಷಿಗೆ ಯಾವತ್ತೂ ದಾಸಪ್ಪನೇ. ಕೇರಿಯ ಮನೆಗಳನ್ನು ತಾನು ತೋರಿಸಿದೆನೆಂದು ಆತ ಮೂವತ್ತು ವರ್ಷ ಸಹಿ ಹಾಕಿದ. ಒಂದು ಮನೆಯನ್ನೂ ತೋರಿಸಿದವನಲ್ಲ. ಎಲ್ಲರಿಗೂ ಗೊತ್ತಿದ್ದ, ಯಾರಿಗೂ ತಪ್ಪೆನಿಸದ ಪದ್ಧತಿ.

ಹೊನ್ನೂರಮ್ಮ ಮಾತ್ರ ನಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. "ಒಬ್ರು ಬಂದಿದ್ರು," ಎಂದರು ಕೊನೆಗೆ. "ಭಾಳ ಹಿಂದೆ." ಯಾರು, ಯಾವಾಗ ಎಂದರೆ ಹೇಳಲಿಲ್ಲ. "ಆ ಮಾತು ಯಾಕೆ ಬಿಡವ್ವ. ಅವರ ಮರ್ಯಾದೆ ಅವರಿಗೆ."

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ ಹೊನ್ನಾಳಿ. ಕೆಂಚೇಶ್ ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಅಮೀನನಿಗೆ ಏನಾದರೂ ಕೈಬಿಸಿ ಮಾಡಿದ್ದಾನೋ ಎಂಬುದೇ ಠಾಣೆಯ ಎಲ್ಲರ ಅನುಮಾನ. ಅರ್ಧ ಗಂಟೆ ಪ್ರಶ್ನೆ ನಡೆಯಿತು. ಅಮೀನರ ಮುಖವನ್ನೇ ತಾನು ನೋಡಿಲ್ಲ, ಎಲ್ಲ ವಕೀಲರ ಮೂಲಕ ಆದದ್ದು ಎಂದ. ಅವನ ಒಂದು ವರ್ಷದ ಫೋನ್ ಕರೆಗಳ ಪಟ್ಟಿಯಲ್ಲೂ ನಾಗರಾಜಪ್ಪನವರ ನಂಬರ್ ಇರಲಿಲ್ಲ.

"ಚಿಕ್ಕಮ್ಮ ಕೋರ್ಟಿಗೆ ಬರ್ಲಿಲ್ಲ. ಹಕ್ಕಿಲ್ಲ ಅಂತ ಅವ್ರಿಗೇ ಗೊತ್ತೈತೆ ಅಂದ್ಕೊಂಡೆ," ಎಂದ.

"ತುಪ್ಪದಕಟ್ಟೆಗೆ ಇಲ್ಲಿಂದ ಎಷ್ಟು ದೂರ?"

"ಇಪ್ಪತ್ತೆರಡು ಕಿಲೋಮೀಟರು."

"ಒಂದ್ಸಲ ಹೋಗಿ ಯಾಕೆ ಬರಲಿಲ್ಲ ಅಂತ ಕೇಳಬಹುದಿತ್ತಲ್ಲ?"

ಕೆಂಚೇಶ್ ಮೇಜಿನ ಮೇಲಿದ್ದ ಬಿಲ್ಲುಗಳನ್ನು ಜೋಡಿಸತೊಡಗಿದ. ಯರ್ರಿಸ್ವಾಮಿ ಎದ್ದು ಟೋಪಿ ಹಾಕಿಕೊಳ್ಳುತ್ತಾ, "ಬಿಡಿಭಾಗ ಎಲ್ಲ ಅದಾವಪ್ಪ ನಿನ್ನ ಅಂಗಡಿಯಾಗೆ. ನಿನ್ನ ಎದಿಯಾಗೆ ಒಂದು ಕಮ್ಮಿ ಐತೆ," ಎಂದರು. ಸಂಘಮಿತ್ರಾ ಅವರನ್ನು ಕಣ್ಣಲ್ಲೇ ಸುಮ್ಮನಿರಿಸಿದರು. ಅದೇ ಪ್ರಶ್ನೆ ತಮ್ಮ ಕಡೆಗೂ ತಿರುಗಬಹುದೆಂಬುದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ನ್ಯಾಮತಿ. ದಾಸಪ್ಪನ ಮಗ ದುರುಗೇಶ್ ತಂದೆ ಸತ್ತ ಮೇಲೆ ಅಂಗಡಿ ಮುಚ್ಚಿ ಅಲ್ಲಿ ಟೈಲರ್ ಕೆಲಸಕ್ಕೆ ಬಂದಿದ್ದ. ಮರಣ ಪ್ರಮಾಣಪತ್ರ ತೆಗೆದುಕೊಟ್ಟ. ಷರಾದ ಸಹಿ ತೋರಿಸಿದಾಗ ಹೊಲಿಗೆ ಯಂತ್ರ ನಿಲ್ಲಿಸಿ ಬಹಳ ಹೊತ್ತು ನೋಡಿದ.

"ಥೇಟ್ ಅಪ್ಪಂದೇ ಇದ್ದಂಗೈತೆ. ಆದ್ರೆ ಅಪ್ಪ ಕಡೇ ಎರಡು ವರ್ಷ ಕೈ ನಡುಗಿ ಸಹಿ ಮಾಡ್ತಿರ್ಲಿಲ್ಲ ಮೇಡಂ, ಹೆಬ್ಬೆಟ್ಟು ಒತ್ತುತಿದ್ದ. ಇದು ಹಳೇ ಸಹಿ. ಯಾರೋ ಅಪ್ಪನ್ನ ಚೆನ್ನಾಗಿ ಬಲ್ಲೋರು ಹಾಕಿರೋದು." ಆಮೇಲೆ ಹಿಂಜರಿಯುತ್ತಾ ಕೇಳಿದ: ಕೇಸು ಮುಗಿದ ಮೇಲೆ ಆ ಹಾಳೆಯ ಒಂದು ಜೆರಾಕ್ಸ್ ಸಿಗಬಹುದೇ? ತಂದೆಯ ಸಹಿ ಅವನಲ್ಲಿ ಒಂದೂ ಇರಲಿಲ್ಲ.

ಅಲ್ಲಿಗೆ ಎಲ್ಲವೂ ನಾಗರಾಜಪ್ಪನವರ ಕಡೆಗೇ ಬೊಟ್ಟು ಮಾಡುತ್ತಿತ್ತು. ಆದರೆ ಕೋರ್ಟಿನ ಮುಂದಿಡಲು ಅದು ಸಾಲದು. ಸಹಿ ತಜ್ಞರ ವರದಿಗೆ ತಿಂಗಳುಗಳು ಬೇಕು, ಶುಕ್ರವಾರಕ್ಕೆ ಮೂರೇ ದಿನ. ದಾಸಪ್ಪನ ಹೆಸರನ್ನು ಬೇರೆ ಯಾರೋ ಹೇಳಿಕೊಂಡು ಸಹಿ ಹಾಕಿದರು, ಅಮೀನರು ಮೋಸಹೋದರು ಎಂದು ಕೆಂಚೇಶನ ವಕೀಲರು ವಾದಿಸಬಹುದು. ಕಳೆದ ವರ್ಷದ ಮಾರ್ಚ್ 11ರಂದು ನಾಗರಾಜಪ್ಪ ಆ ಊರಿಗೆ ಹೋಗಿಯೇ ಇರಲಿಲ್ಲ ಎಂಬುದು ಬೇಕಿತ್ತು.

ಅದು ಸಿಕ್ಕಿದ್ದು ಬುಧವಾರ, ಹುಡುಕದ ಕಡೆಯಿಂದ. ಸಂಘಮಿತ್ರಾ ಕೋರ್ಟಿನ ಕಚೇರಿಯಲ್ಲಿ ಸಮನ್ಸ್ ಹಂಚುವ ರಿಜಿಸ್ಟರ್ ಜಪ್ತಿ ಮಾಡಿಕೊಳ್ಳುತ್ತಿದ್ದರು. ಹೊನ್ನೂರಮ್ಮನವರ ಸಮನ್ಸು ಅದಕ್ಕೂ ಮುಂಚೆ ಎರಡು ಸಲ ವಾಪಸಾಗಿತ್ತು. ಎರಡು ಸಲವೂ ನಾಗರಾಜಪ್ಪನವರದೇ ಷರಾ, 'ಮನೆಯಲ್ಲಿಲ್ಲ'. ಮೂರನೇ ಸಲ ಜಾರಿಯಾಗದಿದ್ದರೆ ಕಾರಣ ಕೇಳಿ ನೋಟಿಸು ಕೊಡಲಾಗುವುದೆಂಬ ಎಚ್ಚರಿಕೆ ಅಂಚಿನಲ್ಲಿತ್ತು. ಶಾಂತಾದೇವಿ ತಮ್ಮ ಡಬ್ಬಿಯ ಚಿತ್ರಾನ್ನವನ್ನು ಅರ್ಧ ಮಾಡಿ ಮುಚ್ಚಳದಲ್ಲಿ ಹಾಕಿ ಇವರ ಮುಂದಿಟ್ಟರು. ಇಟ್ಟವರು ಹಾಗೇ ನಿಂತರು.

"ಆ ಷರಾದ ದಿನ ಸೋಮವಾರ. ಜಗಳೂರಿನಾಗೆ ನಮ್ಮ ಟೈಪಿಸ್ಟ್ ಪ್ರಮೀಳಾ ಮಗಳ ಮದುವೆ ಇತ್ತು," ಎಂದರು. "ನಾನು ರಜೆ ಹಾಕಿ ಹೋಗಿದ್ದೆ. ಹನ್ನೆರಡೂವರೆಗೆ ಊಟಕ್ಕೆ ಕೂತ್ವಿ. ನಾಗರಾಜಪ್ಪ ನನ್ನ ಪಕ್ಕದ ಎಲೆಗೇ ಕೂತಿದ್ರು."

"ಇದು ನಿಮಗೆ ಯಾವಾಗ ನೆನಪಾಯ್ತು?"

ಶಾಂತಾದೇವಿ ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿದರು. ಒರೆಸಿ ಮುಗಿಯಲೇ ಇಲ್ಲ. "ಮೊನ್ನೆ ಸೋಮವಾರ ನಿಮ್ಮ ಠಾಣೆ ಮೆಟ್ಟಿಲು ಹತ್ತುವಾಗಲೇ ನೆನಪಿತ್ತು. ಅದಕ್ಕೇ ಕೂರಾಕೆ ಆಗಲಿಲ್ಲ."

ಮೊಬೈಲಿನಲ್ಲಿ ಊಟದ ಪಂಕ್ತಿಯ ಫೋಟೋ ಇತ್ತು. ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಾ ನಾಗರಾಜಪ್ಪ ನಗುತ್ತಿದ್ದರು. ಫೋಟೋ ತೆಗೆದ ಸಮಯ 12.41. ಜಗಳೂರಿನಿಂದ ತುಪ್ಪದಕಟ್ಟೆ ತೊಂಬತ್ತು ಕಿಲೋಮೀಟರಿಗೆ ಕಮ್ಮಿಯಿಲ್ಲ. ಸಂಘಮಿತ್ರಾ ಹೇಳಿಕೆ ಬರೆದುಕೊಂಡರು. ಚಿತ್ರಾನ್ನವನ್ನೂ ಮುಗಿಸಿದರು; ಬಿಟ್ಟರೆ ಆಕೆಯ ಮನಸ್ಸಿಗೆ ಇನ್ನಷ್ಟು ನೋವೆಂದು.

ಮಾರ್ಚ್ 6, ಗುರುವಾರ, ಬೆಳಿಗ್ಗೆ 9.15. ಚನ್ನಗಿರಿ. ನಾಗರಾಜಪ್ಪನವರ ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಮೇ ತಿಂಗಳಲ್ಲಿ ನಿವೃತ್ತಿ. ಜೀಪಿನ ಸದ್ದಿಗೆ ಅವರೇ ಬಾಗಿಲು ತೆರೆದರು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಿತ್ತು. ಯಾಕೆ ಬಂದಿರೆಂದು ಕೇಳಲಿಲ್ಲ. ಹೆಂಡತಿ ಕಸ್ತೂರಮ್ಮ ನೀರು ತಂದಿಟ್ಟರು.

ಸಂಘಮಿತ್ರಾ ಷರಾದ ನಕಲು, ಮರಣ ಪ್ರಮಾಣಪತ್ರ, ಫೋಟೋ, ಮೂರನ್ನೂ ಟೀಪಾಯಿಯ ಮೇಲಿಟ್ಟರು.

"ಇದು ನಿಮ್ಮ ಅಕ್ಷರವಾ?"

"ಹೌದು."

"ದಾಸಪ್ಪನ ಸಹಿ ಯಾರು ಹಾಕಿದ್ದು?"

"ನಾನೇ. ಇಪ್ಪತ್ತೈದು ವರ್ಷ ನೋಡಿದ ಸಹಿ. ಕೈ ತಾನಾಗೇ ಹೋಯ್ತು." ಪ್ರಮಾಣಪತ್ರದ ತಾರೀಖನ್ನು ಬೆರಳಿಟ್ಟು ಓದಿದರು. "ಸತ್ತಿದ್ನಾ? ಮೂರ್ನಾಕು ವರ್ಷದಿಂದ ಆ ಊರಿಗೆ ಹೋಗೇ ಇರಲಿಲ್ಲ, ನನಗೆ ಯಾರೂ ಹೇಳಲಿಲ್ಲ. ಅಂಗಡಿಯಾಗೇ ಇದಾನೆ ಅಂದ್ಕೊಂಡಿದ್ದೆ."

"ದುಡ್ಡು ಯಾರು ಕೊಟ್ಟರು?"

"ಇಲ್ಲ ಮೇಡಂ. ಅದೊಂದು ಇಲ್ಲ."

"ಮತ್ತೆ ಯಾಕೆ? ಎರಡು ಸಲ ಸುಳ್ಳು, ಮೂರನೇ ಸಲ ನಕಲಿ. ಅರ್ಧ ದಿನದ ಕೆಲಸ, ಹೋಗಿ ಬರಬಹುದಿತ್ತಲ್ಲ?"

ಅವರು ಗೋಡೆ ನೋಡಿದರು. "ದಾಸಪ್ಪನ ಅಂಗಡಿಗೆ ಕರೆಸಬಹುದಿತ್ತು. ಬೇರೆಯವರನ್ನ ಕರೆಸ್ತಿದ್ದೆ. ಆಯಮ್ಮನ್ನ ಅಲ್ಲಿ ನಿಲ್ಲಿಸಾಕೆ ಆಗಲಿಲ್ಲ. ಮನೀಗೆ ಹೋಗಾಕೂ ಆಗಲಿಲ್ಲ."

"ನೀವು ಆ ಮನೆಗೆ ಹಿಂದೆ ಹೋಗಿದ್ರಿ. ಹೆಂಚಿನ ಮನೆಗೆ."

ನಾಗರಾಜಪ್ಪ ಸಂಘಮಿತ್ರಾ ಅವರ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿದರು. ಆ ಹೆಸರಿಟ್ಟವರು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿದ್ದ ಆಕೆಯ ಅಜ್ಜ. ತಮ್ಮ ಕೇರಿಯಿಂದ ಬುದ್ಧನ ದಾರಿ ಹಿಡಿದ ವರ್ಷ ಹುಟ್ಟಿದ ಮೊಮ್ಮಗಳಿಗೆ ಇಟ್ಟದ್ದು. ಆ ಹೆಸರು ಓದಿದವರು ಮುಂದಿನ ಮಾತನ್ನು ಅಳೆಯುವುದು ಸಂಘಮಿತ್ರಾ ಅವರಿಗೆ ಹೊಸದೇನಲ್ಲ.

"ನಿಮ್ಮೆದುರಿಗೆ ಹೇಳಾಕೆ ಇನ್ನೂ ನಾಚ್ಕಿ ಆಗ್ತೈತೆ ಮೇಡಂ," ಎಂದರು. ಆಮೇಲೆ ಶುರು ಮಾಡಿದರು.

1997ರ ಮೇ ತಿಂಗಳು. ನೌಕರಿಗೆ ಸೇರಿ ಮೂರು ವರ್ಷ. ಪಕ್ಕದೂರಿಗೆ ಸಮನ್ಸ್ ಕೊಟ್ಟು ಹೊಲದ ದಾರಿಯಲ್ಲಿ ಬರುವಾಗ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದರು. ಕಣ್ಣು ಬಿಟ್ಟಾಗ ಬೇವಿನ ನೆರಳು, ಎದುರಿಗೆ ಉತ್ತರದ ಬಾಗಿಲು. ಹೊನ್ನೂರಮ್ಮ ಒದ್ದೆ ಬಟ್ಟೆ ಹಣೆಗೆ ಹಾಕಿ ಕೂತಿದ್ದರು. ನೀರು ಕೊಡುವ ಮುಂಚೆ, "ನಮ್ಮನೀ ನೀರು ಸ್ವಾಮಿ, ಕುಡೀತೀರಾ?" ಎಂದು ಕೇಳಿದ್ದರಂತೆ. ತಾನು ಸಾಯುವಂತಿದ್ದ ಹೊತ್ತಿನಲ್ಲೂ ತನ್ನನ್ನು ಕೇಳಿಯೇ ಕೊಟ್ಟಳಲ್ಲ ಎಂಬುದು ನಾಗರಾಜಪ್ಪನವರಿಗೆ ಮರೆತುಹೋಗಲಿಲ್ಲ. ಕುಡಿದರು. ಅಂಬಲಿಯನ್ನೂ ಕುಡಿದರು. ಸಂಜೆ ತನಕ ಅಲ್ಲೇ ಮಲಗಿದ್ದರು. ಚನ್ನಗಿರಿಗೆ ಬಂದು ಮನೆಯವರಿಗೆ, ಶಾಲೆಯ ಮೇಷ್ಟರ ಮನೆಯಲ್ಲಿದ್ದೆ ಎಂದು ಹೇಳಿದರು.

ಎರಡು ವಾರದ ಮೇಲೆ ದಾಸಪ್ಪನ ಬೆಂಚಿನ ಮೇಲೆ ಊರ ಹಿರಿಯರ ಜೊತೆ ಕೂತಿದ್ದಾಗ ಹೊನ್ನೂರಮ್ಮ ಆ ದಾರಿಯಲ್ಲಿ ಬಂದರು. ನಿಂತು, ಹುಷಾರಾದಿರಾ ಸ್ವಾಮಿ ಎಂದು ನಗುತ್ತಾ ಕೇಳಿದರು.

"ಎಲ್ರೂ ನನ್ನ ಮುಖ ನೋಡಿದ್ರು. ನಾನು, ಯಾರಮ್ಮ ನೀನು ಅಂದೆ." ನಾಗರಾಜಪ್ಪ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಆಯಮ್ಮ ಒಂದು ಮಾತೂ ಆಡಲಿಲ್ಲ ಮೇಡಂ. ಬೇರೆ ಯಾರೋ ಅಂದ್ಕೊಂಡೆ, ತಪ್ಪಾಯ್ತು ಸ್ವಾಮಿ ಅಂತ ನನ್ನ ಮರ್ಯಾದೆ ಉಳಿಸಿ ಹೋದ್ಲು."

ಅಂದಿನಿಂದ ಆ ಬೆಂಚಿನ ಮೇಲೆ ಅವರು ಕೇರಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಅದೇ ಹೆಸರಿನ ಸಮನ್ಸು ಕೈಗೆ ಬಂದಾಗ ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ಚೀಲದಲ್ಲಿಟ್ಟುಕೊಂಡರು. ಮನೆಯಲ್ಲಿಲ್ಲವೆಂದು ಬರೆದರೆ ಕೇಸು ಎಳೆದಾಡಿಕೊಂಡು ಹೋಗುತ್ತದೆ, ಆಕೆಗೆ ಒಳ್ಳೆಯದೇ ಎಂದುಕೊಂಡರು. ಎಚ್ಚರಿಕೆ ಬಂದ ಮೇಲೆ ಅಂಟಿಸಿದೆನೆಂದು ಬರೆದರು. ಬರೆಯುವಾಗ ಕಣ್ಣ ಮುಂದೆ ಬಂದದ್ದು ಅದೊಂದೇ ಮನೆ. ಡಿಕ್ರಿ ಆಯಿತೆಂದು ತಿಳಿದ ದಿನ ನ್ಯಾಯಾಧೀಶರ ಕೋಣೆಯ ಬಾಗಿಲ ತನಕ ಹೋಗಿ ವಾಪಸು ಬಂದರು.

ಬೆಳಿಗ್ಗೆ 10.50ಕ್ಕೆ ದಸ್ತಗಿರಿ ಪತ್ರಕ್ಕೆ ಸಹಿಯಾಯಿತು. ಮಾಹಿತಿ ಪಡೆದವರ ಜಾಗದಲ್ಲಿ ಕಸ್ತೂರಮ್ಮ ಸಹಿ ಹಾಕಿ, ಬಿಪಿ ಮಾತ್ರೆ ಕೊಟ್ಟು ಕಳಿಸಬಹುದೇ ಎಂದಷ್ಟೇ ಕೇಳಿದರು. ಯರ್ರಿಸ್ವಾಮಿ ಮಾತ್ರೆ ಯಾವ ಹೊತ್ತಿಗೆ ಯಾವುದೆಂದು ತಮ್ಮ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬೀದಿಯಲ್ಲಿ ಜನ ನಿಂತಿದ್ದರಿಂದ ಜೀಪನ್ನು ಬಾಗಿಲ ಹತ್ತಿರಕ್ಕೇ ಹಿಂದೆ ತಂದು ನಿಲ್ಲಿಸಿದರು.

ಶುಕ್ರವಾರ ಹನ್ನೊಂದು ಗಂಟೆಗೆ ಸಂಘಮಿತ್ರಾ ತನಿಖಾ ವರದಿಯನ್ನು ಕೋರ್ಟಿಗೆ ಕೊಟ್ಟರು. ಕೊನೆಯಲ್ಲಿ ಯಾರೂ ಕೇಳದಿದ್ದ ಒಂದು ಪ್ಯಾರಾ ಇತ್ತು. ಫೆಬ್ರವರಿ 6ರಂದು ಸ್ಥಳದಲ್ಲಿದ್ದ ತಮಗೆ ಹೊನ್ನೂರಮ್ಮ ಸಮನ್ಸ್ ಬಂದಿಲ್ಲವೆಂದು ತಿಳಿಸಿದ್ದರು. ತಾವು ಅದನ್ನು ದಾಖಲಿಸಲಿಲ್ಲ, ನ್ಯಾಯಾಲಯದ ಗಮನಕ್ಕೂ ತರಲಿಲ್ಲ.

ನ್ಯಾಯಾಧೀಶರು ಓದಿ ಕನ್ನಡಕದ ಮೇಲಿಂದ ನೋಡಿದರು. ಇದು ನಿಮ್ಮ ಮೇಲೇ ಬರುತ್ತದೆ, ಗೊತ್ತಿದೆಯೇ ಎಂದರು. ಗೊತ್ತು ಸರ್ ಎಂದರು ಸಂಘಮಿತ್ರಾ. ನ್ಯಾಯಾಧೀಶರು ವರದಿಯ ಪ್ರತಿಯೊಂದು ಪುಟಕ್ಕೂ ತಮ್ಮ ಕೋರ್ಟಿನ ಮುದ್ರೆ ಹಾಕಿಸಿದರು. ಮಧ್ಯಾಹ್ನ ಎರಡೂವರೆಗೆ ಆದೇಶವಾಯಿತು. ಏಕಪಕ್ಷೀಯ ಡಿಕ್ರಿ ರದ್ದು. ದಾವೆ ಮೊದಲಿನಿಂದ ನಡೆಯಬೇಕು. ಅಲ್ಲಿಯವರೆಗೆ ಮನೆ ಹೊನ್ನೂರಮ್ಮನವರ ಸ್ವಾಧೀನದಲ್ಲಿರಬೇಕು.

ಶನಿವಾರ ಬೆಳಿಗ್ಗೆ ಕೋರ್ಟಿನ ಹೊಸ ಅಮೀನ ಕೇರಿಯೊಳಗೆ ನಡೆದು ಬಂದು ಬೀಗ ತೆಗೆದರು. ಮರುವಿಚಾರಣೆಯ ಸಮನ್ಸನ್ನು ಹೊನ್ನೂರಮ್ಮನವರ ಕೈಗೇ ಕೊಟ್ಟರು. ಕೆಂಚೇಶ್ ಬಂದಿರಲಿಲ್ಲ. ಗಾದ್ರಮ್ಮ ಟ್ರಂಕು ಹೊತ್ತು ತಂದಳು.

ಎಲ್ಲರೂ ಹೋದ ಮೇಲೂ ಸಂಘಮಿತ್ರಾ ನಿಂತಿದ್ದರು. ಕ್ಷಮೆ ಕೇಳಬೇಕೆಂದು ಬಂದವರು. ಖಾಕಿ ಹಾಕಿಕೊಂಡು ಅದನ್ನು ಹೇಗೆ ಕೇಳುವುದೆಂದು ತಿಳಿಯಲಿಲ್ಲ. "ಅವತ್ತು ನೀವು ಹೇಳಿದ್ದನ್ನ ನಾನು ಕೇಳಿಸ್ಕೋಬೇಕಿತ್ತು ಅಮ್ಮ," ಎಂದರು.

"ಹೂಂ, ಕೇಳಿಸ್ಕೋಬೇಕಿತ್ತು," ಎಂದರು ಹೊನ್ನೂರಮ್ಮ. ಪರವಾಗಿಲ್ಲ ಎನ್ನಲಿಲ್ಲ. ಆಮೇಲೆ ಬೇರೆಯದನ್ನು ಕೇಳಿದರು. "ಅಮೀನರು ಎಲ್ಲಾ ಹೇಳಿದ್ರಂತಲ್ಲ. ಅವರು ನಮ್ಮನೀಗೆ ಬರಾಕೆ ನಾಚ್ಕೊಂಡ್ರಾ, ನಮ್ಮನೀ ನೀರು ಕುಡಿದಿದ್ದಕ್ಕೆ ನಾಚ್ಕೊಂಡ್ರಾ?"

ಸಂಘಮಿತ್ರಾ ಯೋಚಿಸಿ ಹೇಳಿದರು. "ಮೊದಲು ಕುಡಿದಿದ್ದಕ್ಕೆ. ಆಮೇಲೆ, ಹಂಗೆ ನಾಚ್ಕೊಂಡ್ನಲ್ಲ ಅನ್ನೋದಕ್ಕೆ."

ಹೊನ್ನೂರಮ್ಮ ಸಮನ್ಸಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಎರಡನೇ ನಾಚ್ಕೇನಾದ್ರೂ ನನ್ನೆದುರಿಗೆ ಬಂದು ಪಡಬೇಕಿತ್ತು," ಎಂದರು. "ಅಷ್ಟು ದೂರ ಇರ್ಲಿಲ್ಲ ಮನೆ."

ಆಮೇಲೆ ಪೊರಕೆ ಹಿಡಿದು ಒಳಗೆ ಹೋದರು. ಒಂದು ತಿಂಗಳ ದೂಳಿತ್ತು.